ಪಲ್ಸ್ ಫಲನಗಳ ಕನ್ವಲ್ಯೂಷನ್ ಮತ್ತು ಅನುಕಲನದ ಮಿತಿಗಳು

ಪಲ್ಸ್ ಫಲನಗಳ ಕನ್ವಲ್ಯೂಷನ್ ಎಂಬುದು, ಸೀಮಿತ ಅವಧಿಯಲ್ಲಿ ಮಾತ್ರ ಸೊನ್ನೆಯಲ್ಲದ ಬೆಲೆಯನ್ನು ಹೊಂದಿರುವ ಎರಡು ಫಲನಗಳಲ್ಲಿ ಒಂದನ್ನು ಎಡಬಲ ಮಗುಚಿ, ಇನ್ನೊಂದರ ಮೇಲೆ ಸರಿಸುತ್ತ, ಪ್ರತಿಯೊಂದು ಸ್ಥಾನದಲ್ಲಿಯೂ ಅವುಗಳ ಗುಣಲಬ್ಧವನ್ನು ಅನುಕಲಿಸಿ ಮೂರನೆಯ ಫಲನವೊಂದನ್ನು ಪಡೆಯುವ ಗಣಿತ ಕ್ರಿಯೆಯಾಗಿದೆ. ಪಲ್ಸ್ ಅಥವಾ ಸ್ಪಂದ ಎಂದರೆ ಒಂದು ಕ್ಷಣದಲ್ಲಿ ಆರಂಭವಾಗಿ ಮತ್ತೊಂದು ಕ್ಷಣದಲ್ಲಿ ಮುಗಿದುಹೋಗುವ ಸಂಕೇತ. ಅವುಗಳಲ್ಲಿ ಅತ್ಯಂತ ಸರಳವಾದುದು ಆಯತಾಕಾರದ ಪಲ್ಸ್. ಸಂಕೇತ ಸಂಸ್ಕರಣೆ, ವಿದ್ಯುನ್ಮಂಡಲಗಳ ವಿಶ್ಲೇಷಣೆ, ಸಂಭವನೀಯತಾ ಸಿದ್ಧಾಂತ ಮತ್ತು ದ್ಯುತಿವಿಜ್ಞಾನಗಳಲ್ಲಿ ಈ ಕ್ರಿಯೆ ಮತ್ತೆ ಮತ್ತೆ ಎದುರಾಗುತ್ತದೆ.

ಇದರಲ್ಲಿ ಬರುವ ಅನುಕಲನಗಳು ಸಾಮಾನ್ಯವಾಗಿ ಸುಲಭವಾದವು. ಆಯತ ಪಲ್ಸ್‌ಗಳ ವಿಷಯದಲ್ಲಂತೂ ಸ್ಥಿರಾಂಕವೊಂದನ್ನು ಅನುಕಲಿಸುವುದಷ್ಟೇ ಕೆಲಸ. ಕಷ್ಟವಿರುವುದು ಮಿತಿಗಳನ್ನು ನಿರ್ಧರಿಸುವಲ್ಲಿ. ವ್ಯಾಖ್ಯೆಯಲ್ಲಿ ಋಣ ಅನಂತದಿಂದ ಧನ ಅನಂತದವರೆಗೆ ಎಂದಿರುವ ಮಿತಿಗಳು ಲೆಕ್ಕ ಮಾಡುವಾಗ ಒಮ್ಮೆ 1ರಿಂದ ಟಿವರೆಗೆ, ಇನ್ನೊಮ್ಮೆ ಟಿ − 2ರಿಂದ 4ರವರೆಗೆ ಎಂದು ಬದಲಾಗುವುದು ಮೊದಲ ಬಾರಿಗೆ ಕಲಿಯುವವರನ್ನು ಗೊಂದಲಕ್ಕೀಡುಮಾಡುತ್ತದೆ.

ವ್ಯಾಖ್ಯೆ

ಎಕ್ಸ್ ಮತ್ತು ಎಚ್ ಎಂಬ ಎರಡು ಫಲನಗಳ ಕನ್ವಲ್ಯೂಷನ್ ವೈ ಆಗಿದ್ದರೆ, ಅದನ್ನು ಹೀಗೆ ಬರೆಯಲಾಗುತ್ತದೆ:

ವೈ(ಟಿ) = ∫ ಎಕ್ಸ್(ಟೌ) × ಎಚ್(ಟಿ − ಟೌ) ಡಿಟೌ

ಇಲ್ಲಿ ಟೌ ಋಣ ಅನಂತದಿಂದ ಧನ ಅನಂತದವರೆಗೆ ಚಲಿಸುತ್ತದೆ. ಸೂತ್ರದಲ್ಲಿರುವ ಎರಡು ಚರಗಳ ಪಾತ್ರಗಳು ಬೇರೆಬೇರೆ. ಟಿ ಎಂಬುದು ಉತ್ತರವನ್ನು ಯಾವ ಕ್ಷಣಕ್ಕೆ ಕೇಳಲಾಗುತ್ತಿದೆಯೋ ಆ ಕ್ಷಣ. ಅನುಕಲನ ನಡೆಯುತ್ತಿರುವಷ್ಟು ಹೊತ್ತು ಅದು ಅಲುಗಾಡದ ಸ್ಥಿರ ಸಂಖ್ಯೆ. ಟೌ ಎಂಬುದು ಅನುಕಲನದ ಚರ; ಅದು ಕೂಡಿಸುವ ಕೆಲಸಕ್ಕಾಗಿ ಮಾತ್ರ ಬಂದು, ಕೆಲಸ ಮುಗಿದ ಮೇಲೆ ಮಾಯವಾಗುತ್ತದೆ. ಅಂತಿಮ ಉತ್ತರದಲ್ಲಿ ಟೌ ಉಳಿದುಕೊಂಡಿದ್ದರೆ ಎಲ್ಲೋ ತಪ್ಪಾಗಿದೆ ಎಂದೇ ಅರ್ಥ. ನಕ್ಷೆಯನ್ನು ಬರೆಯುವಾಗ ಅಡ್ಡ ಅಕ್ಷದಲ್ಲಿರುವುದು ಟೌ; ಟಿ ಆ ಅಕ್ಷದ ಮೇಲಿನ ಒಂದು ಗುರುತು ಮಾತ್ರ.

ಎಚ್(ಟಿ − ಟೌ) ಎಂಬುದನ್ನು ಟೌನ ಫಲನವೆಂದು ನೋಡಿದರೆ, ಋಣ ಚಿಹ್ನೆಯ ಕಾರಣ ಮೂಲ ನಕ್ಷೆ ಕನ್ನಡಿಯಲ್ಲಿ ಕಂಡಂತೆ ಎಡಬಲ ಮಗುಚಿಕೊಳ್ಳುತ್ತದೆ; ಟಿ ಕೂಡಿರುವುದರಿಂದ ಅಷ್ಟು ದೂರ ಬಲಕ್ಕೆ ಸರಿಯುತ್ತದೆ. ಜರ್ಮನ್ ಭಾಷೆಯಲ್ಲಿ ಈ ಕ್ರಿಯೆಗೆ ಮಡಿಸುವಿಕೆ ಎಂಬ ಅರ್ಥದ ಫಾಲ್ಟುಂಗ್ ಎಂಬ ಹೆಸರಿರುವುದು ಇದಕ್ಕೆ ಒಪ್ಪುವಂತಿದೆ.

ಮಿತಿಗಳು ಬದಲಾಗುವುದೇಕೆ

ವಾಸ್ತವದಲ್ಲಿ ಮಿತಿಗಳು ಬದಲಾಗುವುದೇ ಇಲ್ಲ. ಅವು ಯಾವಾಗಲೂ ಋಣ ಅನಂತ ಮತ್ತು ಧನ ಅನಂತಗಳೇ. ಆದರೆ ಎರಡು ಫಲನಗಳಲ್ಲಿ ಯಾವುದಾದರೂ ಒಂದು ಸೊನ್ನೆಯಾಗಿರುವ ಕಡೆಗಳಲ್ಲೆಲ್ಲ ಗುಣಲಬ್ಧವೂ ಸೊನ್ನೆ. ಅಂಥ ಭಾಗಗಳು ಅನುಕಲಕ್ಕೆ ಏನನ್ನೂ ಸೇರಿಸುವುದಿಲ್ಲವಾದ್ದರಿಂದ ಅವುಗಳನ್ನು ಕೈಬಿಟ್ಟು, ಎರಡೂ ಪಲ್ಸ್‌ಗಳು ಏಕಕಾಲದಲ್ಲಿ ಜೀವಂತವಾಗಿರುವ ಭಾಗವನ್ನಷ್ಟೇ ಉಳಿಸಿಕೊಳ್ಳಲಾಗುತ್ತದೆ. ಬರೆಯುವ ಮಿತಿಗಳು ಈ ಭಾಗದ ಎರಡು ತುದಿಗಳು. ಟಿ ಬದಲಾದಂತೆ ಮಗುಚಿದ ಪಲ್ಸ್ ಸರಿಯುತ್ತದೆ, ಒಂದರ ಮೇಲೊಂದು ಬೀಳುವ ಭಾಗ ಬದಲಾಗುತ್ತದೆ, ಅದರ ತುದಿಗಳೂ ಬದಲಾಗುತ್ತವೆ.

ಎಕ್ಸ್ ಎಂಬ ಪಲ್ಸ್ ಎ ಎಂಬಲ್ಲಿ ಆರಂಭವಾಗಿ ಬಿ ಎಂಬಲ್ಲಿ ಮುಗಿಯಲಿ. ಎಚ್ ಎಂಬ ಪಲ್ಸ್ ಸಿ ಎಂಬಲ್ಲಿ ಆರಂಭವಾಗಿ ಡಿ ಎಂಬಲ್ಲಿ ಮುಗಿಯಲಿ. ಮಗುಚಿ ಸರಿಸಿದ ಮೇಲೆ ಎಚ್ ಟೌ ಅಕ್ಷದ ಮೇಲೆ ಟಿ − ಡಿ ಎಂಬಲ್ಲಿಂದ ಟಿ − ಸಿ ಎಂಬಲ್ಲಿಯವರೆಗೆ ಇರುತ್ತದೆ. ಮೊದಲು ಕೊನೆಯಲ್ಲಿದ್ದ ಡಿ ಈಗ ಎಡ ಅಂಚಿಗೆ ಬಂದಿರುವುದನ್ನು ಗಮನಿಸಬೇಕು. ಮಗುಚಿದಾಗ ಅಂಚುಗಳು ಅದಲುಬದಲಾಗುತ್ತವೆ. ಆದ್ದರಿಂದ:

ಕೆಳಮಿತಿ = ಎ ಮತ್ತು (ಟಿ − ಡಿ) ಇವೆರಡರಲ್ಲಿ ದೊಡ್ಡದು
ಮೇಲ್ಮಿತಿ = ಬಿ ಮತ್ತು (ಟಿ − ಸಿ) ಇವೆರಡರಲ್ಲಿ ಚಿಕ್ಕದು

ಕೆಳಮಿತಿ ಮೇಲ್ಮಿತಿಗಿಂತ ದೊಡ್ಡದಾಗಿ ಬಂದರೆ ಪಲ್ಸ್‌ಗಳು ಎಲ್ಲಿಯೂ ಒಂದನ್ನೊಂದು ಮುಟ್ಟುತ್ತಿಲ್ಲವೆಂದು ಅರ್ಥ; ಆಗ ಉತ್ತರ ಸೊನ್ನೆ. ಮಿತಿಗಳನ್ನು ಹಾಗೆಯೇ ಇಟ್ಟು ಅನುಕಲಿಸಿದರೆ ಋಣಾತ್ಮಕ ಬೆಲೆಯೊಂದು ಬರುತ್ತದೆ, ಆದರೆ ಅದು ಅರ್ಥಹೀನ. ಕೆಳಗಿನ ಉದಾಹರಣೆಗಳೆಲ್ಲವೂ ಈ ಎರಡು ಸಾಲುಗಳಿಂದಲೇ ಹೊರಡುತ್ತವೆ.

ಎರಡು ಆಯತ ಪಲ್ಸ್‌ಗಳ ಉದಾಹರಣೆ

ಎಕ್ಸ್ ಪಲ್ಸ್‌ನ ಎತ್ತರ 2 ಆಗಿದ್ದು ಅದು 1ರಿಂದ 4ರವರೆಗೆ ಹರಡಿರಲಿ. ಎಚ್ ಪಲ್ಸ್‌ನ ಎತ್ತರ 3 ಆಗಿದ್ದು ಅದು ಸೊನ್ನೆಯಿಂದ 2ರವರೆಗೆ ಹರಡಿರಲಿ. ಮಗುಚಿದ ಎಚ್ ಟೌ ಅಕ್ಷದ ಮೇಲೆ ಟಿ − 2ರಿಂದ ಟಿವರೆಗೆ ಇರುತ್ತದೆ. ಅದರ ಬಲ ಅಂಚು ಟಿ, ಎಡ ಅಂಚು ಟಿ − 2. ಎಕ್ಸ್ ಇದ್ದಲ್ಲಿಯೇ ಇರುತ್ತದೆ.

ಟಿ 1ಕ್ಕಿಂತ ಕಡಿಮೆಯಿರುವಾಗ ಚಲಿಸುವ ಪಲ್ಸ್‌ನ ಬಲ ಅಂಚು ಇನ್ನೂ ಎಕ್ಸ್‌ನ ಬಳಿಗೆ ಬಂದಿರುವುದಿಲ್ಲ, ವೈ ಸೊನ್ನೆ. ಟಿ 1ನ್ನು ದಾಟಿದೊಡನೆ ಬಲ ಅಂಚು ಎಕ್ಸ್‌ನ ಒಳಗೆ ನುಗ್ಗುತ್ತದೆ, ಎಡ ಅಂಚು ಇನ್ನೂ ಹೊರಗಿರುತ್ತದೆ. ಆಗ ಕೆಳಮಿತಿ 1, ಮೇಲ್ಮಿತಿ ಟಿ. ಗುಣಲಬ್ಧದ ಎತ್ತರ 2 × 3 = 6 ಆದ್ದರಿಂದ ವೈ(ಟಿ) = 6(ಟಿ − 1). ಎಡ ಅಂಚಾದ ಟಿ − 2 ಎಂಬುದು 1ನ್ನು ಮುಟ್ಟುವವರೆಗೆ, ಅಂದರೆ ಟಿ 3 ಆಗುವವರೆಗೆ ಇದೇ ಸ್ಥಿತಿ ಮುಂದುವರಿಯುತ್ತದೆ.

ಟಿ 3ರಿಂದ 4ರವರೆಗೆ ಇರುವಾಗ ಚಲಿಸುವ ಪಲ್ಸ್ ಪೂರ್ತಿಯಾಗಿ ಎಕ್ಸ್‌ನ ಒಳಗಿರುತ್ತದೆ. ಕೆಳಮಿತಿ ಟಿ − 2, ಮೇಲ್ಮಿತಿ ಟಿ. ಎರಡೂ ಚಲಿಸುತ್ತಿದ್ದರೂ ಅವುಗಳ ನಡುವಿನ ಅಂತರ ಸದಾ 2. ಆದ್ದರಿಂದ ವೈ 12ರಲ್ಲಿ ನಿಲ್ಲುತ್ತದೆ.

ಟಿ 4ನ್ನು ದಾಟಿದಾಗ ಬಲ ಅಂಚು ಎಕ್ಸ್‌ನಿಂದ ಹೊರಬೀಳುತ್ತದೆ. ಹೆಚ್ಚಿನ ತಪ್ಪುಗಳು ನಡೆಯುವುದು ಇಲ್ಲಿಯೇ: ಹಿಂದಿನ ಎರಡು ಹಂತಗಳಲ್ಲಿ ಮೇಲ್ಮಿತಿ ಟಿ ಆಗಿದ್ದ ಅಭ್ಯಾಸದಿಂದ ಇಲ್ಲಿಯೂ ಟಿ ಎಂದೇ ಬರೆದುಬಿಡುವುದುಂಟು. ಆದರೆ 4ರ ಆಚೆಗೆ ಎಕ್ಸ್ ಸೊನ್ನೆಯಾಗಿರುವುದರಿಂದ ಮೇಲ್ಮಿತಿ 4ರಲ್ಲಿ ನಿಂತುಬಿಡುತ್ತದೆ. ಕೆಳಮಿತಿ ಟಿ − 2 ಮಾತ್ರ ಮುಂದೆ ಸರಿಯುತ್ತದೆ. ವೈ(ಟಿ) = 6(4 − ಟಿ + 2) = 6(6 − ಟಿ). ಟಿ 6 ಆದಾಗ ಎಡ ಅಂಚೂ 4ನ್ನು ಮುಟ್ಟಿ, ಎರಡು ಪಲ್ಸ್‌ಗಳು ಬೇರ್ಪಡುತ್ತವೆ. ಅಲ್ಲಿಂದ ಮುಂದೆ ವೈ ಸೊನ್ನೆ.

ದೊರೆತ ಆಕೃತಿ ಒಂದು ತ್ರಾಪಿಜ್ಯ: 1ರಿಂದ 3ರವರೆಗೆ ಏರಿಕೆ, 3ರಿಂದ 4ರವರೆಗೆ ಸಮತಟ್ಟು, 4ರಿಂದ 6ರವರೆಗೆ ಇಳಿಕೆ. ಏರಿಕೆ ಮತ್ತು ಇಳಿಕೆಗಳ ಅವಧಿ ಎರಡರಲ್ಲಿ ಕಿರಿದಾದ ಪಲ್ಸ್‌ನ ಅಗಲಕ್ಕೂ (2), ಸಮತಟ್ಟಾದ ಭಾಗದ ಉದ್ದ ಎರಡು ಅಗಲಗಳ ವ್ಯತ್ಯಾಸಕ್ಕೂ (3 − 2 = 1) ಸಮ. ಎರಡು ಪಲ್ಸ್‌ಗಳ ಅಗಲ ಒಂದೇ ಆಗಿದ್ದರೆ ಸಮತಟ್ಟಾದ ಭಾಗವೇ ಇಲ್ಲವಾಗಿ ತ್ರಾಪಿಜ್ಯವು ತ್ರಿಭುಜವಾಗುತ್ತದೆ.

ಎಚ್ ಸೊನ್ನೆಯ ಬದಲು 1ರಿಂದ 3ರವರೆಗೆ ಇದ್ದಿದ್ದರೆ ಮಗುಚಿದ ಪಲ್ಸ್ ಟಿ − 3ರಿಂದ ಟಿ − 1ರವರೆಗೆ ಇರುತ್ತಿತ್ತು. ತ್ರಾಪಿಜ್ಯದ ಆಕಾರದಲ್ಲಿ ಯಾವ ವ್ಯತ್ಯಾಸವೂ ಇಲ್ಲ, ತಿರುವುಬಿಂದುಗಳು ಮಾತ್ರ 2, 4, 5, 7 ಎಂದು ಒಂದೊಂದು ಮಾನ ಮುಂದಕ್ಕೆ ಹೋಗುತ್ತವೆ. ಇಂಥ ಲೆಕ್ಕಗಳಲ್ಲಿ ಟಿ − 1ನ್ನು ಎಡ ಅಂಚೆಂದು ಭಾವಿಸಿ ಕೆಳಮಿತಿಯ ಸ್ಥಾನದಲ್ಲಿ ಬರೆಯುವುದು ಸಾಮಾನ್ಯ ದೋಷ. ಟಿಯಿಂದ ದೊಡ್ಡ ಸಂಖ್ಯೆಯನ್ನು ಕಳೆದದ್ದು ಯಾವಾಗಲೂ ಎಡಕ್ಕಿರುತ್ತದೆ ಎಂಬುದನ್ನು ನೆನಪಿಟ್ಟರೆ ಇದು ತಪ್ಪುತ್ತದೆ.

ಟಿ ಸರಿಯಾಗಿ 3 ಆಗಿರುವಾಗ ಅದನ್ನು ಎರಡನೆಯ ಹಂತಕ್ಕೆ ಸೇರಿಸಬೇಕೋ ಮೂರನೆಯದಕ್ಕೋ ಎಂಬ ಪ್ರಶ್ನೆ ಅನೇಕರನ್ನು ಕಾಡುತ್ತದೆ. ಯಾವುದಕ್ಕೆ ಸೇರಿಸಿದರೂ ಬೆಲೆ 12 ಬರುತ್ತದೆ. ಹಾಗೆಯೇ, ಪಲ್ಸ್‌ನ ಅಂಚಿನಲ್ಲಿ ಅದರ ಬೆಲೆಯನ್ನು ಸೊನ್ನೆಯೆಂದು ತೆಗೆದುಕೊಂಡರೂ ಪೂರ್ಣ ಎತ್ತರವೆಂದು ತೆಗೆದುಕೊಂಡರೂ ಅನುಕಲ ಬದಲಾಗುವುದಿಲ್ಲ. ಒಂದೇ ಬಿಂದುವಿಗೆ ಅಗಲವಿಲ್ಲ.

ಎತ್ತರ ಸ್ಥಿರವಲ್ಲದ ಪಲ್ಸ್‌ಗಳು

ಆಯತಗಳಲ್ಲಿ ಎರಡು ಮಿತಿಗಳ ನಡುವಿನ ಅಂತರವಷ್ಟೇ ಲೆಕ್ಕಕ್ಕೆ ಬರುತ್ತದೆ. ಹೀಗಾಗಿ ಪೂರ್ಣವಾಗಿ ಒಳಗಿರುವ ಹಂತದಲ್ಲಿ ಉತ್ತರ ಸ್ಥಿರವೆಂಬ ನಂಬಿಕೆ ಬೆಳೆಯುವ ಅಪಾಯವಿದೆ. ಎಕ್ಸ್ ಪಲ್ಸ್ ಸೊನ್ನೆಯಿಂದ 2ರವರೆಗೆ ಎಕ್ಸ್(ಟೌ) = ಟೌ ಎಂಬಂತೆ ಏರಿ ಥಟ್ಟನೆ ಸೊನ್ನೆಗೆ ಬೀಳಲಿ; ಎಚ್ ಪಲ್ಸ್ ಸೊನ್ನೆಯಿಂದ 1ರವರೆಗೆ ಎತ್ತರ 1 ಇರಲಿ. ಮಿತಿಗಳು ಮೊದಲಿನ ಕ್ರಮದಲ್ಲಿಯೇ ಬರುತ್ತವೆ:

ಟಿ 0ರಿಂದ 1ರವರೆಗೆ: ಮಿತಿಗಳು 0 ಮತ್ತು ಟಿ; ವೈ = ಟಿ² / 2
ಟಿ 1ರಿಂದ 2ರವರೆಗೆ: ಮಿತಿಗಳು ಟಿ − 1 ಮತ್ತು ಟಿ; ವೈ = ಟಿ − 1/2
ಟಿ 2ರಿಂದ 3ರವರೆಗೆ: ಮಿತಿಗಳು ಟಿ − 1 ಮತ್ತು 2; ವೈ = (4 − (ಟಿ − 1)²) / 2

ನಡುವಿನ ಹಂತದಲ್ಲಿ ಕಿಟಕಿಯ ಅಗಲ ಬದಲಾಗದಿದ್ದರೂ ಅದರೊಳಗೆ ಕಾಣುವ ಎತ್ತರ ಏರುತ್ತಲೇ ಇರುವುದರಿಂದ ಉತ್ತರವೂ ಏರುತ್ತದೆ. ಗರಿಷ್ಠ ಬೆಲೆಯಾದ 1.5 ಬರುವುದು ಟಿ = 2 ಆದಾಗ. ಇಲ್ಲಿ ಎಚ್ ಬದಲು ಎಕ್ಸ್ ಅನ್ನು ಮಗುಚಿದ್ದರೂ ಇದೇ ಉತ್ತರ ಬರುತ್ತಿತ್ತು, ಏಕೆಂದರೆ ಕನ್ವಲ್ಯೂಷನ್ ಪರಿವರ್ತನೀಯ ಕ್ರಿಯೆ. ಆದರೆ ಆಗ ಅನುಕಲ್ಯದಲ್ಲಿ ಟೌ ಬದಲು ಟಿ − ಟೌ ಬರುತ್ತದೆ, ಮಿತಿಗಳೂ ಬೇರೆಯಾಗುತ್ತವೆ. ಎರಡರಲ್ಲಿ ಸರಳವಾದುದನ್ನು ಮಗುಚುವುದು ಮೇಲು. ಒಂದು ವಿಧಾನದ ಮಿತಿಗಳನ್ನು ಇನ್ನೊಂದು ವಿಧಾನದ ಅನುಕಲ್ಯಕ್ಕೆ ಹಚ್ಚಬಾರದು.

ರೋಧಕ–ಧಾರಕ ಮಂಡಲದಲ್ಲಿ

ತಪ್ಪು ಮಿತಿಯ ಪರಿಣಾಮ ಕಾಗದದ ಮೇಲಷ್ಟೇ ಉಳಿಯುವುದಿಲ್ಲ ಎಂಬುದಕ್ಕೆ ಒಂದು ರೋಧಕ ಮತ್ತು ಒಂದು ಧಾರಕ (ಕೆಪಾಸಿಟರ್) ಸರಣಿಯಲ್ಲಿರುವ ಮಂಡಲ ಒಳ್ಳೆಯ ನಿದರ್ಶನ. ರೋಧಕ 10 ಕಿಲೋಓಮ್, ಧಾರಕ 100 ಮೈಕ್ರೋಫ್ಯಾರಡ್ ಆಗಿದ್ದರೆ ಅವುಗಳ ಗುಣಲಬ್ಧವಾದ ಕಾಲಸ್ಥಿರಾಂಕ 1 ಸೆಕೆಂಡ್. ಧಾರಕದ ವೋಲ್ಟೇಜನ್ನು ಹೊರಹರಿವೆಂದು ತೆಗೆದುಕೊಂಡರೆ ಈ ಮಂಡಲದ ಆವೇಗ ಪ್ರತಿಕ್ರಿಯೆ, ಟಿ ಸೊನ್ನೆಗಿಂತ ಹೆಚ್ಚಿರುವಾಗ, ಎಚ್(ಟಿ) = ಇ^(−ಟಿ); ಅದಕ್ಕೆ ಮೊದಲು ಸೊನ್ನೆ. ಇಲ್ಲಿ ಇ ಎಂಬುದು ಸ್ವಾಭಾವಿಕ ಲಾಗರಿದಮ್‌ನ ಆಧಾರ, ಸುಮಾರು 2.718. ಈ ಮಂಡಲಕ್ಕೆ 2 ಸೆಕೆಂಡುಗಳ ಕಾಲ 5 ವೋಲ್ಟ್‌ನ ಪಲ್ಸ್ ಒಂದನ್ನು ಕೊಟ್ಟು ನಿಲ್ಲಿಸಲಾಗಿದೆ ಎಂದು ಭಾವಿಸೋಣ.

ಎಚ್‌ಗೆ ಕೊನೆಯಿಲ್ಲ, ಅದು ಸೊನ್ನೆಯ ಕಡೆಗೆ ಇಳಿಯುತ್ತಲೇ ಇರುತ್ತದೆ. ಆದ್ದರಿಂದ ಮಗುಚಿದಾಗ ಅದರ ಎಡ ಅಂಚು ಋಣ ಅನಂತದಲ್ಲಿದ್ದು, ಕೆಳಮಿತಿಯನ್ನು ಪಲ್ಸ್‌ನ ಆರಂಭವಾದ ಸೊನ್ನೆಯೇ ನಿರ್ಧರಿಸುತ್ತದೆ. ಪಲ್ಸ್ ಇರುವಷ್ಟು ಹೊತ್ತು ಮೇಲ್ಮಿತಿ ಟಿ:

ವೈ(ಟಿ) = 5(1 − ಇ^(−ಟಿ))

2 ಸೆಕೆಂಡುಗಳ ಕೊನೆಯಲ್ಲಿ ಧಾರಕದ ವೋಲ್ಟೇಜ್ ಸುಮಾರು 4.32. ಪಲ್ಸ್ ನಿಂತ ಮೇಲೆ ಮೇಲ್ಮಿತಿ 2ರಲ್ಲಿಯೇ ನಿಲ್ಲುತ್ತದೆ:

ವೈ(ಟಿ) = 5(ಇ^(−(ಟಿ − 2)) − ಇ^(−ಟಿ))

3ನೆಯ ಸೆಕೆಂಡಿನಲ್ಲಿ ಇದರ ಬೆಲೆ ಸುಮಾರು 1.59 ವೋಲ್ಟ್. ಮೇಲ್ಮಿತಿಯನ್ನು ಟಿ ಎಂದೇ ಉಳಿಸಿಕೊಂಡಿದ್ದರೆ ಬರುತ್ತಿದ್ದ ಬೆಲೆ 4.75 ವೋಲ್ಟ್. ಅಂದರೆ ಪೂರೈಕೆ ನಿಂತು ಒಂದು ಸೆಕೆಂಡ್ ಕಳೆದರೂ ಧಾರಕ ಇನ್ನೂ ತುಂಬುತ್ತಿದೆ ಎಂದು ಆ ಲೆಕ್ಕ ಹೇಳುತ್ತದೆ. ಮಂಡಲಕ್ಕೆ ಬರದ ವಿದ್ಯುತ್ತನ್ನು ಮಿತಿಯ ದೋಷವೊಂದು ತಂದು ಸೇರಿಸಿತು. ಮೇಲ್ಮಿತಿ ಟಿ ಎಂಬುದು, ಮಂಡಲವು ಭವಿಷ್ಯದ ಒಳಹರಿವಿಗೆ ಪ್ರತಿಕ್ರಿಯಿಸಲಾರದು ಎಂಬುದರ ಗಣಿತ ರೂಪ. ಮೇಲ್ಮಿತಿ 2 ಎಂಬುದು, ಒಳಹರಿವು ಆಗ ಮುಗಿಯಿತು ಎಂಬುದರ ರೂಪ. ಇವೆರಡರಲ್ಲಿ ಮೊದಲು ಬರುವುದೇ ನಿಜವಾದ ಮಿತಿ.

ಏಕಮಾನ ಹಂತ ಫಲನದ ಮೂಲಕ

ಇಂಗ್ಲೆಂಡಿನ ಆಲಿವರ್ ಹೆವಿಸೈಡ್ (1850–1925) ಹೆಸರಿನಿಂದ ಕರೆಯಲ್ಪಡುವ ಏಕಮಾನ ಹಂತ ಫಲನವು ಸೊನ್ನೆಗೆ ಮೊದಲು ಸೊನ್ನೆಯಾಗಿಯೂ ಅನಂತರ 1 ಆಗಿಯೂ ಇರುತ್ತದೆ. ಇದನ್ನು ಯು ಎಂದು ಸೂಚಿಸುವುದು ವಾಡಿಕೆ. ಒಂದು ಆಯತ ಪಲ್ಸ್ ಎಂದರೆ ಒಂದು ಹಂತ ಫಲನದಿಂದ ತಡವಾಗಿ ಆರಂಭವಾಗುವ ಇನ್ನೊಂದನ್ನು ಕಳೆದದ್ದು. ಎರಡು ಹಂತ ಫಲನಗಳ ಕನ್ವಲ್ಯೂಷನ್‌ನಲ್ಲಿ ಯು(ಟೌ) ಎಂಬುದು ಕೆಳಮಿತಿಯನ್ನು ಸೊನ್ನೆಗೂ, ಯು(ಟಿ − ಟೌ) ಎಂಬುದು ಮೇಲ್ಮಿತಿಯನ್ನು ಟಿಗೂ ತರುತ್ತದೆ. ಉತ್ತರ ಟಿ × ಯು(ಟಿ). ಕೊನೆಯ ಯು(ಟಿ)ಯನ್ನು ಬಿಟ್ಟುಬಿಡುವವರು ಬಹಳ. ಬಿಟ್ಟರೆ ಟಿ = −2 ಆದಾಗ ಉತ್ತರ −2 ಎಂದಾಗುತ್ತದೆ; ಎಂದೂ ಋಣವಾಗದ ಎರಡು ಫಲನಗಳ ಕನ್ವಲ್ಯೂಷನ್ ಋಣವಾಗಲು ಸಾಧ್ಯವಿಲ್ಲ. ಹಂತ ಫಲನಗಳನ್ನು ಮಿತಿಗಳಾಗಿ ಮಾರ್ಪಡಿಸಿದಾಗ, ಕೆಳಮಿತಿ ಮೇಲ್ಮಿತಿಗಿಂತ ಕಡಿಮೆಯಿರಬೇಕು ಎಂಬ ಷರತ್ತು ಉತ್ತರದೊಂದಿಗೆ ಉಳಿಯಲೇಬೇಕು.

ಈ ವಿಧಾನದಲ್ಲಿ ಮೊದಲ ಉದಾಹರಣೆಯ ತ್ರಾಪಿಜ್ಯವು ನಾಲ್ಕು ಇಳಿಜಾರು ಫಲನಗಳ ಮೊತ್ತವಾಗುತ್ತದೆ. ಟಿ × ಯು(ಟಿ) ಎಂಬುದನ್ನು ಆರ್(ಟಿ) ಎಂದು ಕರೆದರೆ:

ವೈ(ಟಿ) = 6[ಆರ್(ಟಿ − 1) − ಆರ್(ಟಿ − 3) − ಆರ್(ಟಿ − 4) + ಆರ್(ಟಿ − 6)]

ಹಂತಹಂತವಾಗಿ ಮಿತಿಗಳನ್ನು ಬರೆಯುವ ಶ್ರಮ ಇಲ್ಲಿಲ್ಲ. ಆದರೆ ಚಿತ್ರವನ್ನು ಒಮ್ಮೆಯೂ ಬರೆಯದೆ ನೇರವಾಗಿ ಇದಕ್ಕೆ ಕೈಹಾಕಿದವರಿಗೆ ನಾಲ್ಕು ಚಿಹ್ನೆಗಳ ಅರ್ಥ ಹೊಳೆಯುವುದು ಕಷ್ಟ.

ಉತ್ತರವನ್ನು ಪರೀಕ್ಷಿಸುವುದು

ಮಿತಿಗಳು ಸರಿಯಾಗಿವೆಯೇ ಎಂದು ತಿಳಿಯಲು ಪೂರ್ತಿ ಲೆಕ್ಕವನ್ನು ಮತ್ತೆ ಮಾಡಬೇಕಾಗಿಲ್ಲ. ಉತ್ತರದ ಆರಂಭವು ಎರಡು ಪಲ್ಸ್‌ಗಳ ಆರಂಭಗಳ ಮೊತ್ತವಾಗಿಯೂ, ಅಂತ್ಯವು ಅಂತ್ಯಗಳ ಮೊತ್ತವಾಗಿಯೂ ಇರಬೇಕು: ಮೊದಲ ಉದಾಹರಣೆಯಲ್ಲಿ 1 + 0 = 1 ಮತ್ತು 4 + 2 = 6. ಪಲ್ಸ್‌ಗಳ ಎತ್ತರ ಸೀಮಿತವಾಗಿರುವವರೆಗೆ ಉತ್ತರದಲ್ಲಿ ಜಿಗಿತಗಳಿರುವುದಿಲ್ಲ. ಒಂದು ಹಂತದ ಕೊನೆಯ ಬೆಲೆ ಮುಂದಿನ ಹಂತದ ಮೊದಲ ಬೆಲೆಗೆ ಸೇರಬೇಕು. ಸೇರದಿದ್ದರೆ ಆ ಎರಡು ಹಂತಗಳಲ್ಲಿ ಒಂದರ ಮಿತಿ ತಪ್ಪಾಗಿದೆ.

ಮೂರನೆಯ ಪರೀಕ್ಷೆ ಎಲ್ಲಕ್ಕಿಂತ ಬಲವಾದುದು: ಉತ್ತರದ ನಕ್ಷೆಯ ಕೆಳಗಿನ ವಿಸ್ತೀರ್ಣ ಎರಡು ಪಲ್ಸ್‌ಗಳ ವಿಸ್ತೀರ್ಣಗಳ ಗುಣಲಬ್ಧಕ್ಕೆ ಸಮ. ಆಯತಗಳ ವಿಸ್ತೀರ್ಣ 6 ಮತ್ತು 6. ತ್ರಾಪಿಜ್ಯದ ತಳ 5, ಮೇಲ್ಭಾಗ 1, ಎತ್ತರ 12, ಆದ್ದರಿಂದ ವಿಸ್ತೀರ್ಣ 36. ಏರುವ ಪಲ್ಸ್‌ನ ಉದಾಹರಣೆಯಲ್ಲಿ ಮೂರು ಹಂತಗಳ ವಿಸ್ತೀರ್ಣಗಳು ಕ್ರಮವಾಗಿ 1/6, 1 ಮತ್ತು 5/6. ಒಟ್ಟು 2, ಅದು 2 × 1ಕ್ಕೆ ಸಮ.

ಅತಿ ಕಿರಿದಾದ ಪಲ್ಸ್

ಎಚ್ ಪಲ್ಸ್‌ನ ವಿಸ್ತೀರ್ಣವನ್ನು 1ರಲ್ಲಿಯೇ ಉಳಿಸಿಕೊಂಡು ಅದರ ಅಗಲವನ್ನು ಕುಗ್ಗಿಸುತ್ತ ಹೋದರೆ ಎತ್ತರ ಹೆಚ್ಚುತ್ತ ಹೋಗುತ್ತದೆ. ಇಂಥ ಪಲ್ಸ್‌ನೊಂದಿಗಿನ ಕನ್ವಲ್ಯೂಷನ್ ಎಂದರೆ ಟಿಯ ಹಿಂದಿನ ಕಿರು ಅವಧಿಯಲ್ಲಿ ಎಕ್ಸ್‌ನ ಸರಾಸರಿ. ಷೇರು ಬೆಲೆ, ತಾಪಮಾನ ಮುಂತಾದ ಅಂಕಿಗಳಿಗೆ ತೆಗೆಯುವ ಚಲಿಸುವ ಸರಾಸರಿಯೂ ತತ್ತ್ವತಃ ಇದೇ. ಅಗಲ ಸೊನ್ನೆಯ ಹತ್ತಿರ ಬಂದಂತೆ ಎರಡು ಮಿತಿಗಳೂ ಟಿಯ ಬಳಿ ಕೂಡಿಕೊಂಡು, ಸರಾಸರಿಯು ಎಕ್ಸ್(ಟಿ)ಯೇ ಆಗುತ್ತದೆ. ಈ ಪರಮಾವಧಿ ರೂಪವನ್ನು ಭೌತವಿಜ್ಞಾನಿ ಪಾಲ್ ಡಿರಾಕ್ ಹೆಸರಿನಿಂದ ಡಿರಾಕ್ ಡೆಲ್ಟಾ ಎನ್ನಲಾಗುತ್ತದೆ. ಇದು ಪಾಲ್ಗೊಂಡಾಗ ಮಾತ್ರ ಉತ್ತರದಲ್ಲಿ ಜಿಗಿತಗಳು ಉಳಿಯಬಹುದು.

ಇತರ ಕ್ಷೇತ್ರಗಳಲ್ಲಿ

ಪರಸ್ಪರ ಅವಲಂಬಿಸದ ಎರಡು ಯಾದೃಚ್ಛಿಕ ಚರಗಳ ಮೊತ್ತದ ಸಂಭವನೀಯತಾ ಸಾಂದ್ರತೆಯು ಅವುಗಳ ಸಾಂದ್ರತೆಗಳ ಕನ್ವಲ್ಯೂಷನ್ ಆಗಿರುತ್ತದೆ. ಸೊನ್ನೆಯಿಂದ 1ರವರೆಗೆ ಸಮನಾಗಿ ಹಂಚಿಕೆಯಾದ ಎರಡು ಚರಗಳನ್ನು ಕೂಡಿಸಿದರೆ 1ರಲ್ಲಿ ಶಿಖರವುಳ್ಳ ತ್ರಿಭುಜ ದೊರೆಯುತ್ತದೆ. ಎರಡು ದಾಳಗಳನ್ನು ಉರುಳಿಸಿದಾಗ 36 ಸಾಧ್ಯತೆಗಳಲ್ಲಿ 7 ಬರುವುದು 6 ರೀತಿಗಳಲ್ಲಿ, 2 ಅಥವಾ 12 ಬರುವುದು ಒಂದೊಂದೇ ರೀತಿಯಲ್ಲಿ. ಇದು ಅದೇ ತ್ರಿಭುಜದ ಬಿಡಿಬಿಡಿ ರೂಪ. ಬಿಡಿ ಸಂಕೇತಗಳಲ್ಲಿ ಅನುಕಲದ ಬದಲು ಮೊತ್ತವಿರುವುದರಿಂದ ತುದಿಯ ಬಿಂದುಗಳೂ ಎಣಿಕೆಗೆ ಬರುತ್ತವೆ: 6 ಮತ್ತು 6 ಬೆಲೆಗಳಿಂದ ದೊರೆಯುವುದು 12 ಅಲ್ಲ, 6 + 6 − 1 = 11 ಬೆಲೆಗಳು. ನಿರಂತರ ಫಲನಗಳ ಅಭ್ಯಾಸವನ್ನು ಇಲ್ಲಿಗೆ ತಂದರೆ ಒಂದು ಬೆಲೆಯ ವ್ಯತ್ಯಾಸ ಬಂದೇ ಬರುತ್ತದೆ.

ಬೆಳಕಿನ ವರ್ಣಪಟಲವನ್ನು ಅಳೆಯುವ ಉಪಕರಣಗಳಲ್ಲಿ ಬೆಳಕು ಒಳಬರುವ ಸೀಳುಗಂಡಿಯ ಬಿಂಬವು ಹೊರಹೋಗುವ ಸೀಳುಗಂಡಿಯ ಮೇಲೆ ಸರಿಯುತ್ತದೆ. ಎರಡರ ಅಗಲ ಸಮವಿದ್ದರೆ ಒಂದೇ ತರಂಗಾಂತರದ ಬೆಳಕೂ ತ್ರಿಭುಜಾಕಾರದ ರೇಖೆಯಾಗಿ ದಾಖಲಾಗುತ್ತದೆ, ಅಸಮವಿದ್ದರೆ ತ್ರಾಪಿಜ್ಯವಾಗಿ. ರೇಡಾರ್‌ನಲ್ಲಿ ಮರಳಿ ಬಂದ ಆಯತ ಪಲ್ಸನ್ನು ಅದಕ್ಕೆ ಹೊಂದಿಸಿದ ಶೋಧಕದ ಮೂಲಕ ಹಾಯಿಸಿದಾಗ ದೊರೆಯುವುದೂ ತ್ರಿಭುಜವೇ. ಅದರ ತಳ ಮೂಲ ಪಲ್ಸ್‌ನ ಅಗಲದ ಎರಡರಷ್ಟು, ಶಿಖರವಿರುವುದು ಎರಡು ಪಲ್ಸ್‌ಗಳು ಪೂರ್ತಿಯಾಗಿ ಒಂದರ ಮೇಲೊಂದು ಬಿದ್ದ ಕ್ಷಣದಲ್ಲಿ.